ಜಮಾದಾರನ ತಪ್ಪಲ್ಲ

'ನನಗೆ ಒಂದು ವಿಷಯ ಗೊತ್ತಾಗಿಬಿಟ್ಟಿದೆ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು' ಎಂದು ಸುರೇಖಾ ಬೆಳಿಗ್ಗೆ ಆರಕ್ಕೇ ಎದ್ದು ಡೈರಿಯಲ್ಲಿ ಬರೆದಳು. ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಆದರೂ ಬರೆದದ್ದನ್ನು ಅಂಗೈಯಿಂದ ಮುಚ್ಚಿಕೊಂಡಳು.

ವಿಷಯ ಎದುರುಮನೆಯ ನಾಯಿಯದು. ಕಾರಟಗಿಯ ಆ ಓಣಿಯಲ್ಲಿ, ಮನೆಗೆ ಹೊಂದಿಯೇ ನೆಲ್ಲಿನ ಗೋದಾಮು ಇಟ್ಟುಕೊಂಡಿದ್ದ ಶೇಖರಮ್ಮನವರ ಜಮಾದಾರ ಬೊಗಳಿದನೆಂದರೆ ಹಾಲಿನವನು ಕ್ಯಾನು ಇದ್ದಲ್ಲೇ ಇಟ್ಟು ಓಡುತ್ತಿದ್ದ. ಗ್ಯಾಸಿನವನು ಓಣಿಯ ಬಾಯಲ್ಲೇ ಸಿಲಿಂಡರ್ ಇಳಿಸಿ, "ಉರುಳಿಸ್ಕೊಂಡು ಹೋಗ್ರಿ" ಎನ್ನುತ್ತಿದ್ದ. ಆ ಹೆದರಿಕೆಗೇ ಸುರೇಖಾ, ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತವಳು, ಅಂಜುಬುರುಕ ನಾಯಿಗಳನ್ನು ಪಳಗಿಸುವ ಎಂಟು ವಾರದ ಕೋರ್ಸೊಂದನ್ನು ಮೊಬೈಲಿನಲ್ಲೇ ಮಾಡಿದ್ದಳು. ಓಣಿ ದಾಟುವಷ್ಟು ಧೈರ್ಯ ಬಂದರೆ ಸಾಕಾಗಿತ್ತು ಅವಳಿಗೆ. ಆದರೆ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಅಂದಪ್ಪ ಆ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ, ಬಾಗಿಲ ಹೊರಗೆ ಕರೆಂಟ್ ಮೀಟರಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದ. ಬಿಲ್ಲು ಕೊಡಲು ಬಂದವನು ಮೀಟರ್ ಓದುವ ಮೊದಲು ಅದನ್ನು ಓದಿದ. ಸಂಜೆಯೊಳಗೆ ಸುರೇಖಾ ಊರಿಗೆಲ್ಲ ನಾಯಿ ಡಾಕ್ಟರ್ ಆಗಿದ್ದಳು.

ಕೋರ್ಸಿನ ಕೊನೆಯ ಪಾಠದಲ್ಲಿ, ನಾಯಿ ಬೊಗಳಿದಾಗಲೆಲ್ಲ ಅದಕ್ಕೂ ಮುಂಚೆ ಏನಾಯಿತೆಂದು ಬರೆದಿಡಿ ಎಂದಿತ್ತು. ಅವಳು ಕಿಟಕಿಯಲ್ಲಿ ಕೂತು ಇಪ್ಪತ್ತೊಂದು ದಿನ ಬರೆದಳು. ಮುಂಜಾನೆ 7.10: 'ಏ ಹಾಲಿನವ್ನ, ಹುಷಾರೋ, ನಾಯಿ ಐತಿ!' ಎಂದು ಶೇಖರಮ್ಮ ಕೂಗಿದರು, ನಾಯಿ ಬೊಗಳಿತು. 9.40: 'ಯಾರದು? ಯಾರದು?' ಎಂದು ಶೇಖರಮ್ಮ ಎದ್ದು ಸರಪಳಿ ಜಗ್ಗಿದರು, ನಾಯಿ ಬೊಗಳಿತು. ಮಧ್ಯಾಹ್ನ ಒಂದರಿಂದ ಮೂರು, ಶೇಖರಮ್ಮ ಮಲಗಿರುವ ಹೊತ್ತು: ಪೋಸ್ಟಿನವನು ಬಂದ, ಎರಡು ಎಮ್ಮೆ ಹೋದವು, ಒಂದು ಕೋತಿ ಜಮಾದಾರನ ಮುಂದಿನ ರೊಟ್ಟಿಯನ್ನೇ ಎತ್ತಿಕೊಂಡು ಹೋಯಿತು, ನಾಯಿ ಬೊಗಳಲಿಲ್ಲ.

ಅಂದರೆ ರೋಗ ನಾಯಿಯದಲ್ಲ. ಹೇಳುವುದು ಹೇಗೆ? ಅಕ್ಕಿ ಗಿರಣಿಯ ಸೈರನ್ ಕೆಟ್ಟ ದಿನ ಕೆಲಸದವರು ಶೇಖರಮ್ಮನ ಕೂಗಿಗೇ ಊಟಕ್ಕೆ ಎದ್ದಿದ್ದರಂತೆ. ಸುರೇಖಾಳ ಧ್ವನಿಯೋ, ಕಿರಾಣಿ ಅಂಗಡಿಯಲ್ಲಿ 'ಸಕ್ಕರೆ' ಎಂದರೆ ಅಂಗಡಿಯವನು ಫ್ಯಾನು ಆರಿಸಿ ಇನ್ನೊಮ್ಮೆ ಕೇಳುವಂಥದ್ದು.

ಎಂಟು ಗಂಟೆಗೆ ಶೇಖರಮ್ಮನೇ ಬಂದರು. "ಅಂದಪ್ಪಾ, ಎಲ್ಲಿ ನಿನ್ನ ಮಗಳು? ಬೋರ್ಡ್ ಹಾಕೀರಿ, ಕೆಲಸಾನೂ ಮಾಡಬೇಕಲ್ಲ! ಹಮಾಲರ ರಸೂಲಸಾಬ ಹಟ ಹಿಡದಾನ. 'ಅವ್ವಾರ, ಗೋದಾಮಿನ್ಯಾಗ ನಾಯಿ ಇರಬೇಕು, ಇಲ್ಲಾ ನಾವಿರಬೇಕು' ಅಂತಾನ. ಸಂಜಿ ನಾಕಕ್ಕ ಮರಳಿ ಊರಿಂದ ನೆಲ್ಲಿನ ಟ್ರ್ಯಾಕ್ಟರ್ ಬರ್ತೈತಿ. ಆವಾಗ ಬೊಗಳಿತಂದ್ರ ಮುಗೀತು, ರಫೀನ ಆಟೋದಾಗ ಹಾಕಿ ಆನೆಗೊಂದಿಗೆ, ನಮ್ಮ ಮೈದುನನ ಬಾಳಿ ತೋಟಕ್ಕ ಕಳಸಾಕಿ ನಾನು."

"ಅಲ್ಲಿ ಗುಡ್ಡದಾಗ ಚಿರತಿ ಐತಲ್ರಿ ಅಕ್ಕಾರ," ಎಂದ ಅಂದಪ್ಪ. "ಹೋದ ವರ್ಷ ಅವರ ಎರಡು ನಾಯಿ ಹೊತ್ಕೊಂಡು ಹೋತು."

"ಗೊತ್ತೈತಿ." ಶೇಖರಮ್ಮನ ಧ್ವನಿ ಮೊದಲ ಸಲ ಇಳಿಯಿತು. ಗಂಡ ತೀರಿಕೊಂಡ ವಾರವೇ ಗೋದಾಮಿನ ಚೀಲಗಳ ಸಂದಿಯಲ್ಲಿ ಸಿಕ್ಕ ಮರಿ ಅದು. "ಅದಕ್ಕ ಬಂದೀನಿ. ನಿನ್ನ ಕೈಯಾಗ ಐತಿ ಯವ್ವಾ."

ಸುರೇಖಾ ಬಾಯಿ ತೆರೆದಳು. "ದೊಡ್ಡವ್ವಾರ... ಅದು ಬೊಗಳೂದು... ಮೊದಲು..."

"ಹಾಂ? ಏನಂದಿ? ಬಾಯಿಬಿಟ್ಟು ಹೇಳು!"

"...ನೋಡೂಣ್ರಿ," ಎಂದುಬಿಟ್ಟಳು.

ಬಾಯಲ್ಲಿ ಬಾರದ್ದು ಬರವಣಿಗೆಯಲ್ಲಿ ಬಂದೀತು ಎಂದು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಟ್ಟಳು: 'ನಾಯಿಯ ಹತ್ತಿರ ಇರುವವರು ದೊಡ್ಡ ಧ್ವನಿಯಲ್ಲಿ ಮಾತನಾಡಬಾರದು.' ಶೇಖರಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರ ಮುಖದಲ್ಲಿ ಬೆಳಕು ಹರಿಯಿತು. ಸುರೇಖಾಳ ಎದೆಯೂ ಹಗುರಾಯಿತು.

"ಖರೇ ಬರದಿ ನೋಡು! ನಾ ಮೊದ್ಲಿಂದ ಇದನ್ನ ಹೇಳ್ತೀನಿ!" ಎಂದವರೇ ಓಣಿಯ ನಡುವೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಆ ತುದಿಯ ಬಸ್ ನಿಲ್ದಾಣಕ್ಕೂ ಕೇಳುವಂತೆ ಕೂಗಿದರು: "ಯಾರೂ ಜೋರ್ ಮಾತಾಡಬ್ಯಾಡ್ರಪೋ! ನಾಯಿ ಅಂಜತೈತಿ!"

ಜಮಾದಾರ ಸರಪಳಿ ಹರಿಯುವಂತೆ ಬೊಗಳಿದ. ತರಕಾರಿಯವನ ಗಾಡಿಯಿಂದ ನಾಲ್ಕು ಬದನೆಕಾಯಿ ಉರುಳಿದವು. "ನೋಡಿದ್ಯಾ?" ಎಂದರು ಶೇಖರಮ್ಮ, "ಆ ಬದನೀಕಾಯಿಯವ್ನು ಒದರಿದ."

ಬದನೆಕಾಯಿಯವನು ಬಾಯಿ ತೆರೆದಿರಲೇ ಇಲ್ಲ.

ಇದನ್ನೆಲ್ಲ ಶೇಖರಮ್ಮನ ಪಕ್ಕದ ಮನೆಯ ಮೆಹರುನಬಿ ಖಾಲಾ ಗೋಡೆಯ ಮೇಲೆ ಗದ್ದ ಊರಿ ನೋಡುತ್ತಿದ್ದಳು. "ಬೇಟಿ, ನಾಯಿಗೆ ಏನ್ ಕೊಟ್ಟು ಕಲಸ್ತಿ?"

"ರೊಟ್ಟಿ, ಖಾಲಾ. ಅವರ ಮನ್ಯಾಗ ಬ್ಯಾರೆ ಏನೈತಿ?"

"ರೊಟ್ಟಿ ತೋರಿಸಿದ್ರ ಯಾವ ನಾಯಿ ಕಲೀತೈತಿ? ಕೋಳಿ ತೋರಿಸು, ಉರ್ದು ಸೈತ ಕಲೀತೈತಿ."

ಶೇಖರಮ್ಮನ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ನೆಲ ಒರೆಸುತ್ತಿದ್ದರು. ಸುರೇಖಾ ಬೇಡವೆನ್ನಬೇಕೆಂದುಕೊಂಡಳು. ಬೇಡವೆನ್ನುವುದೂ ಅವಳಿಗೆ ಬರುತ್ತಿರಲಿಲ್ಲ. ಒಂದು ಗಂಟೆಗೆ, ಶೇಖರಮ್ಮನ ಗೊರಕೆ ಕೇಳತೊಡಗಿದ ಮೇಲೆ, ಗೋಡೆಯ ಆಚೆಯಿಂದ ಬೇಯಿಸಿದ ಕೋಳಿಯ ಡಬ್ಬಿ ಇಳಿದು ಬಂತು.

ಖಾಲಾ ಹೇಳಿಕಳಿಸಿದ್ದಕ್ಕೆ ಬಂದ ರಸೂಲಸಾಬ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ದೂರದ ಬೇವಿನಮರದ ಕೆಳಗೆ ನಿಂತ. ಅವನು ಒಂದು ಹೆಜ್ಜೆ ಮುಂದಿಟ್ಟರೆ ಸುರೇಖಾ ಒಂದು ತುಂಡು ನೆಲಕ್ಕೆ ಬೀಳಿಸುವುದು. ನಾಯಿಯ ಕಣ್ಣಿನಲ್ಲಿ ಕಣ್ಣಿಡಬಾರದು, ಎದುರಿಗೆ ನಿಲ್ಲದೆ ಓರೆಯಾಗಿ ನಿಲ್ಲಬೇಕು, ಮೆಲ್ಲಗೆ ಮಾತಾಡಬೇಕು ಎಂದು ಕೋರ್ಸಿನಲ್ಲಿ ಹೇಳಿದ್ದರು. ಅವಳಿಗೆ ಇದಕ್ಕೆ ಅಭ್ಯಾಸ ಬೇಕಾಗಿರಲಿಲ್ಲ. ಮನುಷ್ಯರ ಮುಂದೆ ಅವಳು ಹುಟ್ಟಿದಾಗಿನಿಂದ ನಿಂತದ್ದೇ ಹಾಗೆ.

ಎರಡೂವರೆಗೆ ರಸೂಲಸಾಬ ಶೇಖರಮ್ಮನ ಕಟ್ಟೆಯ ಮೇಲೆ ಕೂತಿದ್ದ. ಜಮಾದಾರನ ತಲೆ ಅವನ ಮೊಣಕಾಲ ಮೇಲಿತ್ತು. "ತಂಗೆವ್ವಾ, ಇದು ನಾಯಿ ಅಲ್ಲ, ಆಕಳ," ಎಂದ ಅವನು. "ಇಷ್ಟು ವರ್ಷ ಇದಕ್ಕ ನಾ ಅಂಜತಿದ್ನಿ, ಇದು ನನಗ ಅಂಜತಿತ್ತು."

ಮೂರಕ್ಕೆ ಬಾಗಿಲು ತೆರೆಯಿತು. ಶೇಖರಮ್ಮ ಮೂಗರಳಿಸಿದರು. "ಎಂಥದು ಈ ವಾಸನಿ?"

"ಔಷಧದ್ದು ರೀ ಅವ್ವಾರ," ಎಂದ ರಸೂಲಸಾಬ.

"ಎಂಥಾ ಔಷಧ?"

"ಯುನಾನಿ!" ಎಂದಿತು ಗೋಡೆಯ ಆಚೆಯ ಧ್ವನಿ.

ನಾಲ್ಕಕ್ಕೆ ಟ್ರ್ಯಾಕ್ಟರ್ ಬಂತು. ಶೇಖರಮ್ಮನನ್ನು ಅಡುಗೆಮನೆಯಲ್ಲೇ ತಡೆದಿಡಲು ಸುರೇಖಾ ಅಪ್ಪನನ್ನು ಕಳಿಸಿದ್ದಳು. ಅವನು ಕಾಲುವೆಗೆ ನೀರು ಬಿಡುವ ತಾರೀಖುಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಮೂರನೆಯ ತಾರೀಖಿಗೆ ಶೇಖರಮ್ಮ, "ನೀರಿನ ಮಾತು ಆಮ್ಯಾಲ, ಅಲ್ಲಿ ಯಾರಿಗರ ಕಡದೀತು!" ಎಂದು ಅವನನ್ನು ಸರಿಸಿ ಹೊರಗೆ ಬಂದೇಬಿಟ್ಟರು. ಅದೇ ಹೊತ್ತಿಗೆ ರಸೂಲಸಾಬ ಮೊದಲ ಚೀಲ ಬೆನ್ನಿಗೇರಿಸಿ ನಾಯಿಯ ಪಕ್ಕದಲ್ಲೇ ಹಾಯುತ್ತಿದ್ದ. ಜಮಾದಾರ ಬಾಲ ಅಲ್ಲಾಡಿಸುತ್ತಿದ್ದ.

"ಏ ಹುಷಾರೋ! ನಾಯಿ ಐತಿ!"

ಜಮಾದಾರ ಬೊಗಳಿದ. ರಸೂಲಸಾಬ ಕೂಗಿಗೋ ಬೊಗಳಿಗೋ ಎಗರಿಬಿದ್ದ. ಚೀಲ ಒಡೆದು ನೆಲ್ಲು ಓಣಿಯಗಲ ಹರಡಿತು. ಊರಿನ ಗುಬ್ಬಿಗಳಿಗೆಲ್ಲ ಯಾರು ಫೋನು ಮಾಡಿದರೋ, ನಿಮಿಷದಲ್ಲಿ ಬಂದಿಳಿದವು.

ಆಗಲೇ ಬಂದು ಕಾಯುತ್ತಿದ್ದ ರಫೀ ಆಟೋದ ಹಿಂಬಾಗಿಲು ಇಳಿಸಿದ. ಶೇಖರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, "ಹಾಕ್ರಿ," ಎಂದರು.

"ನಮ್ಮ ಮನೀಗೆ ಕರ್ಕೊಂಡು ಹೋಗ್ತೀನ್ರಿ," ಎಂದಳು ಸುರೇಖಾ. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. ನೆಲ್ಲು ಬಳಿಯುತ್ತಿದ್ದ ರಸೂಲಸಾಬ ಅದನ್ನೇ ಎತ್ತಿ ಹೇಳಿದ: "ಅವ್ವಾರ, ನಾಯಿ ತಮ್ಮ ಮನ್ಯಾಗ ಇಟ್ಕೋತಾರಂತ!"

ಶೇಖರಮ್ಮ ಸರಪಳಿಯನ್ನು ಅವಳ ಕೈಗಿಟ್ಟು, ನೋಡಲಾರದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸುರೇಖಾ ಸರಪಳಿಯನ್ನು ಹಾವು ಹಿಡಿದಂತೆ ಹಿಡಿದು ಓಣಿ ದಾಟಿದಳು. ಅಂದಪ್ಪನ ಕಟ್ಟೆಯ ಮೇಲೆ, ಲ್ಯಾಮಿನೇಷನ್ ಹಾಳೆಯ ಕೆಳಗೆ ಜಮಾದಾರ ಮಲಗಿದ. ಹಮಾಲರು ಒಬ್ಬೊಬ್ಬರಾಗಿ ಚೀಲ ಹೊತ್ತು ಅವನ ಮೂಗಿನ ಮುಂದೆಯೇ ಹಾದರು. ಹತ್ತು ಚೀಲ ಹೋಯಿತು, ಮೂವತ್ತು ಹೋಯಿತು. ಜಮಾದಾರ ಒಂದು ಸಲ ಬಾಯಿ ತೆರೆದ. ಓಣಿಯೆಲ್ಲ ಉಸಿರು ಹಿಡಿಯಿತು. ಆಕಳಿಸಿ ಮತ್ತೆ ಮಲಗಿದ.

"ಶಾಬಾಸ್ ಡಾಕ್ಟರ್!" ಎಂದಳು ಖಾಲಾ. ಅಂದಪ್ಪ ಅಂಗಿಯ ತುದಿಯಿಂದ ಪ್ರಮಾಣಪತ್ರದ ಧೂಳು ಒರೆಸಿದ. ಡೈರಿಗೆ ಬೇಕಾದ ವಾಕ್ಯ ಆಗಲೇ ಸುರೇಖಾಳ ಮನಸ್ಸಿನಲ್ಲಿ ಸಿದ್ಧವಾಗಿತ್ತು: 'ಯಾರಿಗೂ ಏನೂ ಹೇಳದೆಯೇ ಮುಗಿಯಿತು.'

ಆಗ ಎದುರಿನ ಬಾಗಿಲು ತೆರೆಯಿತು. ಶೇಖರಮ್ಮ ಒಂದು ಕೈಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಇನ್ನೊಂದರಲ್ಲಿ ಎಲೆ-ಅಡಿಕೆ ಚೀಲ, ಕಂಕುಳಲ್ಲಿ ಚಹಾದ ಫ್ಲಾಸ್ಕು ಹಿಡಿದು ಓಣಿ ದಾಟಿ ಬಂದರು. ಕುರ್ಚಿಯನ್ನು ಸುರೇಖಾಳ ಕಿಟಕಿಯ ಕೆಳಗೇ ಹಾಕಿ, ಅಲ್ಲಾಡಿಸಿ ನೋಡಿ, ಕೂತರು.

"ಜಮಾದಾರ ಇಲ್ದ ಮನಿ ಬಾಯಿ ತಕ್ಕೊಂಡು ಕುಂತೈತಿ ಯವ್ವಾ. ಆಂವ ಎಲ್ಲೋ ನಾನೂ ಅಲ್ಲೇ. ನಾಳಿಂದ ಮುಂಜಾನಿ ಹಾಲಿನ ಹೊತ್ತಿಗೆ ಬಂದ್ನೆಂದ್ರ, ಊಟಕ್ಕ ಅಷ್ಟಽ ಮನೀಗೆ ಹೋಗೂದು."

ಕೊನೆಯ ಹಮಾಲ ಕೊನೆಯ ಚೀಲ ಹೊತ್ತು ಬರುತ್ತಿದ್ದ. ಶೇಖರಮ್ಮ ಅರ್ಧ ಎದ್ದು ನಿಂತರು.

"ಏ ಹುಷಾರೋ! ನಾಯಿ ಐತಿ!"

ಜಮಾದಾರ ಎದ್ದು ಕಟ್ಟೆ ನಡುಗುವಂತೆ ಬೊಗಳಿದ. ಹಮಾಲ ಚೀಲದ ಸಮೇತ ಗಟಾರದ ಆಚೆಗೆ ಜಿಗಿದ. ಚಹಾ ಕುಡಿಯುತ್ತಿದ್ದ ರಫೀ ಲೋಟ ಕೆಳಗಿಟ್ಟು ಆಟೋ ಚಾಲೂ ಮಾಡಿದ. "ಹಂಗಾರ ಆನೆಗೊಂದೀನ ಖರೇ ಅಲ್ರಿ ಅವ್ವಾರ?"

ಶೇಖರಮ್ಮ ಜಮಾದಾರನ ಸರಪಳಿಗೆ ಕೈಹಾಕಿದರು. ಸುರೇಖಾ ಮೊದಲು ನಾಯಿಯ ಕಡೆ ನೋಡಿದಳು, ಆಮೇಲೆ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಓರೆಯಾಗಿ ನಿಲ್ಲದೆ, ನೆಟ್ಟಗೆ ನಿಂತು ಶೇಖರಮ್ಮನ ಕಣ್ಣಿನಲ್ಲಿ ಕಣ್ಣಿಟ್ಟಳು.

ರಫೀ ಆಟೋ ಆರಿಸಿದ್ದು, ಶೇಖರಮ್ಮ ಅರ್ಧ ಎದ್ದವರು ಹಾಗೇ ಕುಸಿದು ಕೂತು, ಬಾಯಿಗೆ ಸೆರಗು ಹಿಡಿದು ನಗತೊಡಗಿದ್ದು, "ಹಂಗಾರ ನನಗಽ ಕಲಸು, ನಾಳಿ ಆರಕ್ಕ ಬರ್ತೀನಿ" ಎಂದು ಕುರ್ಚಿಯನ್ನು ಅಲ್ಲೇ ಬಿಟ್ಟು ಹೋದದ್ದು, ಅದು ಇವತ್ತಿಗೂ ಅದೇ ಕಿಟಕಿಯ ಕೆಳಗೆ ಇರುವುದು, ಇವೆಲ್ಲ ಆಮೇಲಿನ ಮಾತು. ಆ ಸಂಜೆ, ಅಂಗಡಿಯವನು ಫ್ಯಾನು ಆರಿಸದೆಯೂ ಕೇಳುವಷ್ಟು ದೊಡ್ಡದಾಗಿ ಸುರೇಖಾ ಹೇಳಿದ್ದು ಇಷ್ಟೇ:

"ದೊಡ್ಡವ್ವಾರ, ಮೊದಲು ಬೊಗಳೋರು ನೀವು ರೀ. ಜಮಾದಾರ ಬರೇ ಹೌದು ಅಂತಾನ."