ಜೇವರ್ಗಿಗೆ ಬರೆದ ‘ಮಿತಭಾಷಿ’

ಕೆಲವು ಶಬ್ದಗಳನ್ನು ನಾವು ಅರ್ಥ ನೋಡಿ ಬಳಸುವುದಿಲ್ಲ, ಅಂಜಿಕೆಗೆ ಬಳಸುತ್ತೇವೆ. ನನ್ನ ಪಾಲಿಗೆ ‘ಮಿತಭಾಷಿ’ ಅಂಥದ್ದು. ಅಫಜಲಪುರದಲ್ಲಿ ಕನ್ನಡ ಮಾಸ್ತರನಾಗಿದ್ದ ನನಗೆ ಅದರ ಉಪಯೋಗಗಳೆಲ್ಲ ಗೊತ್ತಿದ್ದವು. ಅರ್ಜಿ ಹಿಡಿದು ನಿಂತವರತ್ತ ತಲೆಯೆತ್ತದ ಕಾರಕೂನ ಮಿತಭಾಷಿ. ಬೀಳ್ಕೊಡುಗೆ ಸಮಾರಂಭದಲ್ಲಿ ಹೊಗಳಲು ಏನೂ ಸಿಗದವರೆಲ್ಲ ಮಿತಭಾಷಿಗಳು. ನನ್ನ ಹೆಂಡತಿ ಎರಡು ದಿನ ಮಿತಭಾಷಿಯಾದರೆ ನಾನೇನೋ ತಪ್ಪು ಮಾಡಿದ್ದೇನೆಂದೇ ತಿಳಿಯಬೇಕು. ಸಂಬಂಧ ಕುದುರಿಸಲು ಬರೆಯುವ ಪತ್ರಗಳಲ್ಲಂತೂ ಕನ್ಯೆಯರೆಲ್ಲ ಮಿತಭಾಷಿಗಳೇ.

ಎಂಬತ್ತರ ದಶಕದ ಮಾತು. ಮಗಳು ಶಾಂತಾಳಿಗೆ ಜೇವರ್ಗಿಯ ಸಂಬಂಧ ಬಂದಾಗ ನಾನೂ ಅವರಿಗೆ ‘ಹುಡುಗಿ ಮಿತಭಾಷಿ’ ಎಂದು ಬರೆದುಬಿಟ್ಟೆ. ಶಾಂತಾಳೋ, ನೀರಿಗೆ ಹೋದರೆ ಕೊಡ ತುಂಬಿದ ಮೇಲೂ ಅರ್ಧ ತಾಸು ನಳದ ಬಳಿ ನಿಂತು ಮಾತಾಡುವವಳು. ಹುಡುಗಿಯ ಬಾಯಿ ಜೋರೆಂದು ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಗತಿಯೇನು ಎಂದು ವಾರವಿಡೀ ನನಗೆ ಅದೇ ಚಿಂತೆ. ಕೇಳಿದ್ದಕ್ಕೆ ಮಾತ್ರ, ಅದೂ ಒಂದೇ ಶಬ್ದದಲ್ಲಿ ಉತ್ತರಿಸಬೇಕೆಂದು ಅವಳಿಗೆ ದಿನಾ ತಾಕೀತು ಮಾಡಿದೆ.

ಕನ್ಯೆ ನೋಡಲು ಅವರು ಬಂದರು. ಚುರುಮುರಿಯ ಸುಸಲಾ ತಿಂದು ಚಹಾ ಕುಡಿದದ್ದಾಯಿತು. ಹುಡುಗನ ಸೋದರತ್ತೆ ಶಾಂತಾಳ ಹೆಸರು ಕೇಳಿದರು. ಅವಳು ಎಲ್ಲಿ ಸುರು ಮಾಡಿಬಿಡುತ್ತಾಳೋ ಎಂದು ನಾನೇ ಹೇಳಿದೆ. ಓದು ಕೇಳಿದರು. ಅದನ್ನೂ ನಾನೇ ಹೇಳಿ, ಜೊತೆಗೆ ನನ್ನ ಓದು, ನಮ್ಮ ಮನೆತನ, ಮಣ್ಣೂರಿನ ಹೊಲ, ಒಂದು ವರ್ಷ ಆ ಹೊಲಕ್ಕೆ ಭೀಮಾ ನದಿಯ ನೀರು ಹೊಕ್ಕದ್ದು, ಎಲ್ಲ ಹೇಳಿದೆ. ಹೆಂಡತಿ ಬಾಗಿಲ ಹಿಂದೆ ಬಳೆ ಸದ್ದು ಮಾಡಿದಳು. ಕೇಳಿಸಿತು, ಆದರೆ ಹೆದರಿಕೆಯಲ್ಲಿ ಬಾಯಿ ನಿಲ್ಲಲಿಲ್ಲ. ಕೊನೆಗೆ ಸೋದರತ್ತೆ ನನ್ನನ್ನು ಬಿಟ್ಟು ಶಾಂತಾಳ ಕಡೆ ತಿರುಗಿದರು.

“ಯವ್ವಾ, ನಿನಗ ಮಾತಾಡಾಕ ಬರಂಗಿಲ್ಲೇನು?”

“ಬರ್ತದ್ರಿ. ಅಪ್ಪಾ ಬಿಟ್ಟರ ಮಾತಾಡ್ತೇನ್ರಿ.”

ಪತ್ರ ಬರೆದು ತಿಳಿಸುತ್ತೇವೆಂದು ಹೇಳಿ ಅವರು ಬಸ್ಸು ಹಿಡಿಯಲು ಎದ್ದರು.

ಎಂಟು ದಿನ ಪೋಸ್ಟಮನ್ನನ ದಾರಿ ಕಾದೆ. ಮಗಳ ಮುಖ ನೋಡಲೂ ಅಳುಕಾಗುತ್ತಿತ್ತು. ಒಂಬತ್ತನೆಯ ದಿನ ಕಾರ್ಡು ಬಂತು. ಅವರ ಮನೆಯ ಗಂಡಸರೆಲ್ಲ ಹೂಂ, ಊಹೂಂಗಳಲ್ಲೇ ಸಂಸಾರ ನಡೆಸುವವರಂತೆ. ಮಾತಾಡುವ ಸೊಸೆಯೇ ಬೇಕಾಗಿತ್ತಂತೆ. ಶಾಂತಾ ಒಪ್ಪಿಗೆಯಾಗಿದ್ದಳು. ಕೆಳಗೆ ಇನ್ನೊಂದು ಸಾಲಿತ್ತು: ‘ಮುಂದಿನ ಮಾತುಕತೆಗೆ ನಿಮ್ಮ ಕಡೆಯ ಹಿರಿಯರೊಬ್ಬರನ್ನು ಕಳಿಸಿರಿ. ಮಿತಭಾಷಿಗಳಾದರೆ ಅನುಕೂಲ.’

ಹೆಂಡತಿ ತನ್ನ ಅಣ್ಣನನ್ನು ಕಳಿಸಿದಳು. ಆ ಸಿಟ್ಟಿಗೆ ನಾನು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮನೆಮಂದಿಗೆ ಬಹಳ ಆರಾಮ ಅನ್ನಿಸಿತಂತೆ.