ಬೆಲ್ಲ ಹಾಕಿದ ಗಿಟಾರ್ ಪೆಡಲ್

ನಮ್ಮ ಸೋದರಮಾವನಿಗೆ ಗಿಟಾರನ್ನು ಯಾವ ಕಡೆಯಿಂದ ಹಿಡಿಯಬೇಕೆಂಬುದು ಇವತ್ತಿಗೂ ಗೊತ್ತಿಲ್ಲ. ಆದರೆ ಗಿಟಾರಿನ ವಿಷಯದಲ್ಲಿ ಅವರಷ್ಟು ತಲೆ ಕೆಡಿಸಿಕೊಂಡ ಇನ್ನೊಬ್ಬ ಮನುಷ್ಯನನ್ನು ಈ ಹೈದರಾಬಾದಿನಲ್ಲಿ ತೋರಿಸಿ, ನನ್ನ ಬಿ.ಎಸ್ಸಿ. ಸರ್ಟಿಫಿಕೇಟು ಹರಿದುಹಾಕುತ್ತೇನೆ! ಸುಮ್ಮನೆ ಹರಿಯುವ ಕಾಗದವಲ್ಲ ಅದು. ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ದಿನಾ ಹೋಗಿಬರುತ್ತ, ಬಸ್ಸಿನ ಕಂಬ ಹಿಡಿದು ನಿಂತೇ ಓದಿ, ನಮ್ಮ ಮನೆತನದಲ್ಲಿ ಮೊಟ್ಟಮೊದಲಿಗೆ ನಾನು ಸಂಪಾದಿಸಿದ ಡಿಗ್ರಿ. ಲ್ಯಾಮಿನೇಶನ್ ಬೇರೆ ಮಾಡಿಸಿದ್ದೇನೆ!

ಮಾಮಾ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಿಮಾನದ ಉಪಕರಣಗಳಿಗೆ ತಂತಿ ಬೆಸೆದವರು. ಮೇಲಿನಿಂದ ಡ್ರಾಯಿಂಗ್ ಬರುತ್ತಿತ್ತು, ಅದರಂತೆ ಇವರು ಮಾಡಬೇಕು. ಒಂದು ಸ್ಕ್ರೂ ಆಚೀಚೆ ಇಡುವ ಹಾಗಿರಲಿಲ್ಲ. ನಿವೃತ್ತರಾದ ಮೇಲೆ ಮಣಿಕೊಂಡದ ಹುಡುಗಿಯೊಬ್ಬಳು ಯಾರೋ ಹೇಳಿದರೆಂದು ಇವರ ಮನೆ ಹುಡುಕಿಕೊಂಡು ಬಂದಳು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುವ ತೆಲುಗು ಹುಡುಗಿ. ಅವಳ ಕೈಯಲ್ಲೊಂದು ಕೆಟ್ಟುಹೋದ ಪೆಡಲ್. ಪೆಡಲ್ ಎಂದರೆ ಸೈಕಲ್ಲಿನದಲ್ಲ! ಅಂಗೈಯಗಲದ ತಗಡಿನ ಡಬ್ಬಿ. ಗಿಟಾರಿನಿಂದ ಬರುವ ವೈರನ್ನು ಅದರ ಮೂಲಕ ಹಾಯಿಸಿ ಕಾಲಿನಿಂದ ಒತ್ತಿದರೆ, ಸಾಧುವಾಗಿದ್ದ ಸದ್ದು ಹುಲಿಯಂತೆ ಗರ್ಜಿಸುತ್ತದೆ, ಇಲ್ಲವೇ ಬಾವಿಯೊಳಗಿಂದ ಕೂಗಿದಂತೆ ಕೇಳುತ್ತದೆ.

ಮಾಮಾ ಬಿಚ್ಚಿ ನೋಡಿದರು. "ಇಷ್ಟಽ ಏನು? ವಿಮಾನ ಹಾರಿಸೇನಿ, ಈ ಡಬ್ಬಿ ಮಾಡಾಕ ಬರೂದಿಲ್ಲೇನು?" ಎಂದರು. ವಿಮಾನ ಹಾರಿಸಿದವರು ಪೈಲಟ್ಟುಗಳು ಎಂದು ನಾನು ಹೇಳಲಿಲ್ಲ.

ಹದಿನೈದೇ ದಿನದಲ್ಲಿ ಮೊದಲ ಪೆಡಲ್ ಸಿದ್ಧವಾಯಿತು. ಒಳಗಿನ ತಂತಿಗಳನ್ನು ಮೇಣದ ದಾರದಿಂದ ಹೆಣೆದು ಕಟ್ಟಿದ ಅಂದವೇನು, ಬೆಸುಗೆಯ ಹೊಳಪೇನು! ಅಟ್ಟದಿಂದ ಮೂರು ಸಲ ನೆಲಕ್ಕೆ ಬೀಳಿಸಿ ಪರೀಕ್ಷೆ ಮಾಡಿದರು. ಪೆಡಲಿಗೆ ಏನೂ ಆಗಲಿಲ್ಲ, ನೆಲದ ಟೈಲ್ಸ್ ಒಡೆಯಿತು. ಆದರೆ ಒತ್ತುವ ಸ್ವಿಚ್ಚಿನ ಮೇಲೊಂದು ಕೆಂಪು ಮುಚ್ಚಳ! ಬಗ್ಗಿ, ಕೈಯಿಂದ ಅದನ್ನು ಎತ್ತಿದರೆ ಮಾತ್ರ ಸ್ವಿಚ್ ಸಿಗುತ್ತದೆ.

"ಇದ್ಯಾಕ್ರಿ ಮಾಮಾ?"

"ತಪ್ಪಿ ಯಾರದರ ಕಾಲು ಹತ್ತಿ ಚಾಲೂ ಆದ್ರ?"

"ಕಾಲು ಹತ್ತಿ ಚಾಲೂ ಆಗ್ಲಿ ಅಂತನಽ ಇರೂದಲ್ರಿ ಅದು!"

ಮಾಮಾ ನನ್ನನ್ನು ಕನಿಕರದಿಂದ ನೋಡಿದರು. "ಅಳಿಯಾ, ಮುಚ್ಚಳ ಇಲ್ಲದ ಸ್ವಿಚ್ಚಿಗೆ ನಾ ಜನ್ಮದಾಗ ಸಹಿ ಮಾಡಿಲ್ಲ."

ಅವರು ಕಡೆಗೆ ಮುಚ್ಚಳ ತೆಗೆದದ್ದು ಮಾಮಿಯ ಮಾತಿನಿಂದ. ಆಯುಧಪೂಜೆಯ ದಿನ ಮಾಮಿ ಆ ಡಬ್ಬಿಗೂ ಕುಂಕುಮ ಹಚ್ಚಿ, ಹೂ ಏರಿಸಿ, ಆಮೇಲೆ ಕೇಳಿದರು: "ಇದನ್ನ ಏನ್ ಮಾಡ್ತಾರ್ರಿ?" "ಬೂಟಗಾಲಿಲೆ ತುಳೀತಾರ." ಮಾಮಿ ಗಾಬರಿಯಾಗಿ ಕುಂಕುಮ ಒರೆಸಿದರು. "ತುಳಿಯೂದಽ ಖರೇ ಆದ್ರ ಮತ್ತ ಟೊಪಗಿ ಯಾಕ ಹಾಕೀರಿ ಅದಕ್ಕ?" ಮೂವತ್ತು ವರ್ಷದ ಕಾರ್ಖಾನೆಯ ನಿಯಮ ಒಂದೇ ಮಾತಿಗೆ ಬಿತ್ತು!

ಹುಡುಗಿ ಬಂದು ನುಡಿಸಿ ನೋಡಿದಳು. ಬಹಳ ಚೆನ್ನಾಗಿದೆ ಎಂದಳು. ಆಮೇಲೆ, ಪಾಪ, ನಿಜವನ್ನೂ ಹೇಳಿದಳು: "ಕಾನೀ ಅಂಕಲ್, ಇದಿ ಆಲ್ರೆಡೀ ಉಂದಿ." ಇಂಥದ್ದು ಆಗಲೇ ಇದೆ. ಎರಡನೆಯದಕ್ಕೂ ಅದೇ ಮಾತು. ಮೂರನೆಯದಕ್ಕೂ.

ಮೂರನೆಯ ಸಲ ಮಾಮಾ ಊಟ ಬಿಟ್ಟರು. "ನೌಕರಿಯಾಗ ಮಂದಿ ಡ್ರಾಯಿಂಗ್ ನೋಡಿ ಮಾಡಿದೆ. ಈಗ ಯಾರ ಡ್ರಾಯಿಂಗೂ ಇಲ್ಲ, ಆದ್ರೂ ಮಂದಿದಽ ಮಾಡಾಕತ್ತೀನಿ! ನಂದು ಅಂತ ಒಂದರ ಆಗೂದು ಬ್ಯಾಡೇನು?" ಎಂದರು. ನನಗೆ ನಗು ಬರಲಿಲ್ಲ.

ಅಂದಿನಿಂದ ಶುರುವಾಯಿತು ಹೊಸ ಸದ್ದಿನ ಬೇಟೆ. ಲೇತ್ ಯಂತ್ರದ ಮುಂದೆ ಕಣ್ಣು ಮುಚ್ಚಿ ನಿಂತರು. ಸಿಟಿ ಬಸ್ಸಿನ ಬಾನೆಟ್ಟಿಗೆ ಕಿವಿಯಿಟ್ಟು ಡ್ರೈವರನ ಕೈಲಿ ಬೈಸಿಕೊಂಡರು. ಹಲ್ಲಿನ ಡಾಕ್ಟರು ಡ್ರಿಲ್ ಚಾಲೂ ಮಾಡಿದರೆ, ಬಾಯಿ ತೆರೆದುಕೊಂಡೇ ಬೆರಳೆತ್ತಿ "ಇನ್ನೊಮ್ಮೆ" ಎಂದು ಸನ್ನೆ ಮಾಡಿದರಂತೆ! ಡಾಕ್ಟರಿಗೆ ಅಂಥ ಪೇಶೆಂಟು ಇನ್ನೆಲ್ಲಿ ಸಿಗಬೇಕು? ನನ್ನನ್ನೂ ಬಿಡಲಿಲ್ಲ. ಬಹಳ ಯೋಚಿಸಿ, ಪೆಡಲಿಗೆ ನೀಲಿ ದೀಪ ಹಾಕಿಸಿ ಎಂದೆ. "ಏನ್ ಕಲಿಸಿದ್ರಪಾ ನಿನಗ ಕಾಲೇಜಿನ್ಯಾಗ?" ಎಂದರು.

ಒಂದು ಹಬ್ಬದ ಮಧ್ಯಾಹ್ನ ಹೋಳಿಗೆ ಊಟಕ್ಕೆ ಹೋಗಿದ್ದೆ. ಮಾಮಾ ಬೆಸುಗೆ ಹಾಕುತ್ತಿದ್ದರು. ಪರೀಕ್ಷೆಗೆ ತಂತಿ ಮೀಟುವ ಕೆಲಸ ಯಾವಾಗಲೂ ಮಾಮಿಯದು. ಹಳೆಯ ಗಿಟಾರೊಂದನ್ನು ಮೊರದ ಹಾಗೆ ತೊಡೆಯ ಮೇಲಿಟ್ಟುಕೊಂಡು ಒಂದೇ ತಂತಿಯನ್ನು ಹೆಬ್ಬೆರಳಿನಿಂದ ಟಂಯ್ ಎನ್ನಿಸುತ್ತಾರೆ. ಅವತ್ತು ಮೀಟಿದವರು ಮುಖ ಕಿವಿಚಿದರು.

"ಬರೇ ಖಾರ ಆತ್ರಿ. ಒಂಚೂರು ಬೆಲ್ಲ ಹಾಕ್ರಿ."

"ಸದ್ದಿಗೆ ಎಲ್ಲಿ ಬೆಲ್ಲ ಹಾಕ್ಲೇ? ಖಾರ ಕಡಿಮಿ ಮಾಡ್ಲಿ?"

"ಅಯ್ಯ! ಕಟ್ಟಿನ ಸಾರಿಗೆ ನಾ ಬೆಲ್ಲ ಹಾಕೂದು ಖಾರ ಸಾಯ್ಲಿ ಅಂತೇನು? ಮೊದಲ ಖಾರ ನಾಲಗಿಗೆ ಹತ್ತಬೇಕು. ಬೆಲ್ಲ ಹಿಂದಿಂದ ಸಾವಕಾಶ ಬರಬೇಕು."

ಮಾಮಾ ಕೈಯಲ್ಲಿದ್ದುದನ್ನು ಹಾಗೇ ಹಿಡಿದು ಕೂತರು. ಬೆಸುಗೆಯ ಕಾದ ಕಡ್ಡಿ ಮೇಜಿನ ರೆಕ್ಸಿನ್ ಸುಡುತ್ತಿತ್ತು. ವಾಸನೆ ಬಂದು ನಾನೇ ತೆಗೆದಿಟ್ಟೆ. ಅವತ್ತು ಹೋಳಿಗೆ ನಾನು ಮತ್ತು ಮಾಮಿ ಇಬ್ಬರೇ ತಿಂದೆವು.

ತಿಂಗಳ ಮೇಲೆ ಪೆಡಲ್ ಆಯಿತು. ಎರಡೇ ನಾಬ್. ಒಂದರ ಕೆಳಗೆ ಕನ್ನಡದಲ್ಲಿ 'ಖಾರ', ಇನ್ನೊಂದರ ಕೆಳಗೆ 'ಬೆಲ್ಲ'. ಹುಡುಗಿ ಬಂದಳು. ತಂತಿ ಮೀಟಿದಳು. ಸದ್ದು ಮೊದಲು ಕಚ್ಚಿತು, ಆಮೇಲೆ ಕಡಿಮೆಯಾಗುತ್ತ ಆಗುತ್ತ ಕರಗಿ ಸಿಹಿಯಾಯಿತು. ಬೆಲ್ಲದ ನಾಬ್ ತಿರುಗಿಸಿದರೆ ಸಿಹಿ ಬೇಗ ಬರುತ್ತದೆ, ಇಲ್ಲವೇ ತಡವಾಗಿ. ಮತ್ತೆ ಮೀಟಿದಳು. ಮಾಮಾ ಅವಳ ಬಾಯನ್ನೇ ನೋಡುತ್ತಿದ್ದರು. ಆ ಹಳೆಯ ಮಾತು ಎಲ್ಲಿ ಬಂದುಬಿಡುವುದೋ ಎಂದು ನಾನೂ ಅದನ್ನೇ ನೋಡುತ್ತಿದ್ದೆ.

"ಅಂಕಲ್... ಇದಿ ಎಕ್ಕಡಾ ಲೇದು." ಎಲ್ಲೂ ಇಲ್ಲವಂತೆ! ಯಾರ ಡಿಸೈನ್ ಎಂದು ಕೇಳಿದಳು. ಮಾಮಾ ಬಾಯಿ ತೆರೆಯುವುದರೊಳಗೆ ಮಾಮಿ ತಮ್ಮ ಹರಕುಮುರುಕು ತೆಲುಗಿನಲ್ಲಿ ಹೇಳಿಬಿಟ್ಟರು: ಬೆಲ್ಲ ನನ್ನದು, ತಂತಿ ಅವರದು. ಎಲ್ಲರೂ ನಕ್ಕೆವು.

ನಗು ಮುಗಿದಾಗ ಮಾಮಾ ಅಲ್ಲಿರಲಿಲ್ಲ. ಹಿಂದಿನ ಬಾಲ್ಕನಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ನನ್ನ ಹೆಜ್ಜೆ ಸಪ್ಪಳ ಕೇಳಿ, ತಿರುಗದೆಯೇ ಕೇಳಿದರು:

"ಖರೇ ಹೇಳಿದಳೇನಪಾ ಆಕಿ? ಮುದುಕ ಅದಾನ, ಬ್ಯಾಸರ ಮಾಡ್ಕೋತಾನ ಅಂತ ಹೇಳಲಿಲ್ಲಲ್ಲ?"

"ಖರೇನಽ ಹೇಳಿದಳ್ರಿ ಮಾಮಾ. ಎಲ್ಲೂ ಇಲ್ಲ. ಇದು ನಿಮ್ಮದು."

"ಇನ್ನೊಮ್ಮೆ ಹೇಳು."

ಹೇಳಿದೆ. ಮೂರನೆಯ ಸಲ ಅವರು ಕೇಳಲಿಲ್ಲ, ನಾನೇ ಹೇಳಿದೆ.