ಮಾವನ ಉಪ್ಪುನೀರಿನ ಬೆಳಕು

ಲೋಕದಲ್ಲಿ ಎಲ್ಲರೂ ಅಡುಗೆಗೆಂದು ಉಪ್ಪು ತರುತ್ತಾರೆ. ಕೊಟ್ಟೂರಿನ ನಮ್ಮ ಸೋದರಮಾವ ಮಾತ್ರ ಬೆಳಕಿಗೆಂದು ತರುತ್ತಿದ್ದರು! ನಗಬೇಡಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಊರುಗಳ ನಾಟಕಕ್ಕೆಲ್ಲ ಲೈಟು ಅವರದೇ. ದೀಪ ಏರಿಸಿ ಇಳಿಸುವ ಅವರ ಡಿಮ್ಮರ್ ಎಂದರೆ ಸಾಲಾಗಿ ಇಟ್ಟ ಉಪ್ಪುನೀರಿನ ಮಡಕೆಗಳು. ಒಂದೊಂದಕ್ಕೂ ವೈರು ಜೋಡಿಸಿ ಹಗ್ಗಕ್ಕೆ ಕಟ್ಟಿದ ತಗಡಿನ ಬಿಲ್ಲೆ; ಕರೆಂಟು ಆ ನೀರನ್ನು ದಾಟಿಯೇ ದೀಪಕ್ಕೆ ಹೋಗಬೇಕು. ಬಿಲ್ಲೆ ನೀರಿಗಿಳಿದರೆ ರಂಗಕ್ಕೆ ಬೆಳಗು, ಮೇಲೆದ್ದರೆ ಸಂಜೆ.

ಉಪ್ಪು ಕಮ್ಮಿಯಾದರೆ ದೀಪ ಮಂಕು, ಹೆಚ್ಚಾದರೆ ನೀರು ಕುದಿದು ಫ್ಯೂಸು ಢಮಾರ್. ಅದಕ್ಕೇ ಕರೆಂಟು ಕೊಡುವ ಮುಂಚೆ ಮಾವ ಪ್ರತಿ ಮಡಕೆಯ ನೀರನ್ನೂ ನೆಕ್ಕಿ ನೋಡುತ್ತಿದ್ದರು. ಒಮ್ಮೆ ಹಡಗಲಿಯ ಮದುವೆಯೂಟದಲ್ಲಿ ಬೀಗರು ಕೈಮುಗಿದು, ಸಾರು ಹೇಗಿದೆ ಎಂದು ವಿಚಾರಿಸಿದರು. ಮಾವ ಕಣ್ಣು ಮುಚ್ಚಿ ಚಪ್ಪರಿಸಿ, "ಭಾಳ ಚಲೋ ಐತ್ರಿ. ಇದರಾಗ ಆರಾಮ ನಾಕು ಲೈಟ್ ಹತ್ತತಾವು" ಅಂದರು. ಪಕ್ಕದಲ್ಲಿದ್ದ ಅತ್ತೆ ತಲೆ ಎತ್ತದೆ ಊಟ ಮುಗಿಸಿದರು.

ನಗು ನಮ್ಮದು, ಭಯ ಅವರದು. ಹೊಳಲು ಕಡೆಯ ಲೈಟಿನವರೊಬ್ಬರು ಒಮ್ಮೆ ನಡು ಸೀನಿನಲ್ಲಿ ಕತ್ತಲೆ ಮಾಡಿದ್ದೇ ತಡ, ಜನ ಅವರ ನಿಜವಾದ ಹೆಸರು ಮರೆತು 'ಕತ್ತಲೆಪ್ಪ' ಎನ್ನತೊಡಗಿದ್ದರು. ಮಗಳ ಲಗ್ನಪತ್ರಿಕೆ ಕೊಡಲು ಹೋದಾಗಲೂ ಅದೇ ಹೆಸರು! ಅದು ತಮಗೂ ಅಂಟೀತೆಂದು ಮಾವನಿಗೆ ಅನ್ನ ಸೇರುತ್ತಿರಲಿಲ್ಲ. ವೈರಿನ ಪ್ರತಿ ಜೋಡಣೆಯನ್ನೂ ಮೂರು ಸಲ ಮುಟ್ಟುವುದೇನು, ಎಲ್ಲ ಮುಗಿದ ಮೇಲೆ ಅನುಮಾನ ಬಂದು ಸುತ್ತಿದ ಟೇಪು ಬಿಚ್ಚುವುದೇನು! ಸುತ್ತಿದ್ದು ಯಾರು ಎಂದು ಅತ್ತೆ ಕೇಳಿದರೆ, "ನಾನ. ಅದಕ್ಕ ಅನುಮಾನ" ಎಂಬ ಉತ್ತರ.

ಒಂದು ವರ್ಷ ಉಜ್ಜಿನಿಯಲ್ಲಿ ನಾವು ಮೇಷ್ಟ್ರುಗಳೆಲ್ಲ ಸೇರಿ ನಾಟಕ ಆಡಿದೆವು. ಲೈಟಿಗೆ ಮಾವ, ಜಡ್ಜ್ ಪಾತ್ರಕ್ಕೆ ನಾನು, ಮುಂದಿನ ಸಾಲಿನಲ್ಲಿ ನನಗೆ ಹೆಣ್ಣು ಕೊಡುವ ಯೋಚನೆಯಲ್ಲಿದ್ದವರು. ತೀರ್ಪು ಹೇಳಲು ಎದ್ದೆ ನೋಡಿ, ಮಾತೇ ಮರೆತುಹೋಯಿತು. ಪರದೆಯ ಮರೆಯಿಂದ ಮಾತು ಎತ್ತಿಕೊಡುವವರ ದನಿ ಹಾರ್ಮೋನಿಯಂ ಗದ್ದಲದಲ್ಲಿ ಕೇಳಿಸದು. ಜನರ ಗುಜುಗುಜು ಶುರುವಾಯಿತು. ಅಷ್ಟರಲ್ಲಿ ರಂಗವೆಲ್ಲ ಕಗ್ಗತ್ತಲೆ!

ಜನ ಸಿಳ್ಳೆ ಹೊಡೆದು "ಕತ್ತಲೆಪ್ಪ" ಎಂದು ಕೂಗಿದರು. ನಾನು ತಡವರಿಸುತ್ತ ಪರದೆಯ ಹಿಂದಕ್ಕೆ ಓಡಿ, ಮಾತು ಕೇಳಿಕೊಂಡು ಬಂದು ನಿಂತೆ. ಕೂಡಲೇ ದೀಪ ಬಂತು. ತೀರ್ಪು ಕೊಟ್ಟೆ, ಚಪ್ಪಾಳೆಯೂ ಬಿತ್ತು.

ನಾಟಕ ಮುಗಿದ ಮೇಲೆ ಒಳಗೆ ಹೋದರೆ ಕಮಿಟಿಯ ಹಿರಿಯರು ಮಾವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಫ್ಯೂಸ್ ಹೋತ್ರಿ. ತಪ್ಪು ನಂದ" ಎಂದು ಮಾವ ತಲೆ ತಗ್ಗಿಸಿ ನಿಂತಿದ್ದರು. ಫ್ಯೂಸ್ ಹೋಗಿದ್ದರೆ ಅರೆಗಳಿಗೆಯಲ್ಲಿ ದೀಪ ಬರುತ್ತಿತ್ತೇ? ಎಲ್ಲ ಹಗ್ಗಗಳನ್ನೂ ಒಮ್ಮೆಲೇ ಸೆಳೆದು ಅವರ ಅಂಗೈ ಸುಲಿದಿತ್ತು. ಹಿರಿಯರು ಆಚೆ ಹೋದ ಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು:

"ಮಾತು ಸಿಕ್ತೇನ್ಲೇ ಅಳಿಯಾ?"

ಸಿಕ್ಕಿತು ಎಂದು ತಲೆಯಾಡಿಸಿ, ಅವರ ಸುಲಿದ ಕೈಗೆ ಬಿಡದೆ ಮಡಕೆಗಳ ನೀರನ್ನು ನಾನೇ ಚೆಲ್ಲಿದೆ.